‘ಅಲ್ಲಿ ಏನ್ ತಿಂದೆ?’ ಅಂತ ಕೇಳುವವರಿಗೆಲ್ಲ ಒಂದೇ ಸಲ

ನಾಯಿ ತಿನ್ನಲಿಲ್ಲ. ಮೊದಲು ಇದನ್ನು ಹೇಳಿ ಮುಗಿಸಿಬಿಡುತ್ತೇನೆ.

ಕೊರಿಯಾದಲ್ಲಿ ಕೆಲಸಕ್ಕಿದ್ದಾಗ, 2023ರ ಚುಸೊಕ್ ಹಬ್ಬಕ್ಕೆ ಗೆಳತಿಯೊಬ್ಬಳು ನನ್ನನ್ನು ಅವಳ ಅಜ್ಜಿಯ ಮನೆಗೆ ಕರೆದುಕೊಂಡು ಹೋಗಿದ್ದಳು. ಆಂಡೊಂಗ್ ಹತ್ತಿರದ ಒಂದು ಹಳ್ಳಿ. ಈ ವಿಷಯ ಗೊತ್ತಾದವರು ಬೇರೆ ಏನನ್ನೂ ಕೇಳುವುದಿಲ್ಲ. ಮದುವೆ ಮನೆಯಲ್ಲಿ ಅದೇ, ಬಸ್ಸಿನಲ್ಲಿ ಅದೇ. ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದುಕೊಂಡು ಮಲಗಿದ್ದಾಗಲೂ ಅದೇ. ‘ಅಲ್ಲಿ ಏನ್ ತಿಂದೆ?’ ಇದರಲ್ಲೂ ಎರಡು ಧಾಟಿ. ಒಂದು, ‘ಪಾಪ, ಏನ್ ತಿಂದ್ಯೋ ಏನೋ’ ಅನ್ನುವ ಮರುಕ. ಇನ್ನೊಂದು, ಕುರ್ಚಿ ಹತ್ತಿರ ಎಳೆದುಕೊಂಡು, ದನಿ ತಗ್ಗಿಸಿ, ‘ನಿಜ ಹೇಳು, ಏನ್ ತಿಂದೆ?’

ಎರಡನೆಯವರಿಗೆ: ನಾಯಿ ಮಾಂಸದ ಸಾರು ಅಲ್ಲಿ ಕಡು ಬೇಸಿಗೆಯ ತಿನಿಸು, ಹಬ್ಬದ್ದಲ್ಲ. ಈಗಿನ ಹುಡುಗರಲ್ಲಿ ಹೆಚ್ಚಿನವರು ಅದನ್ನು ಮುಟ್ಟುವುದೂ ಇಲ್ಲ. 2024ರ ಜನವರಿಯಲ್ಲಿ ಅವರ ಸಂಸತ್ತೇ ಕಾನೂನು ತಂದಿದೆ. 2027ರಿಂದ ತಿನ್ನುವುದಕ್ಕಾಗಿ ನಾಯಿ ಸಾಕುವುದು, ಕಡಿಯುವುದು, ಮಾರುವುದು ಎಲ್ಲವೂ ಅಪರಾಧ. ಮುಗೀತಲ್ಲ? ಕುರ್ಚಿ ಹಿಂದಕ್ಕೆ ಹಾಕಿಕೊಳ್ಳಿ.

ಮೊದಲನೆಯವರಿಗೆ: ನಾನು ಮಂಡ್ಯದ ಕಡೆಯವಳು. ವರ್ಷತೊಡಕಿನ ದಿನ ಬೆಳಕು ಹರಿಯುವ ಮೊದಲೇ ಮಟನ್ ಅಂಗಡಿ ಮುಂದೆ ಸಾಲು ನಿಲ್ಲುವ ಜನ ನಾವು. ನಿಮ್ಮ ‘ಪಾಪ’ವನ್ನು ಇನ್ಯಾರಿಗಾದರೂ ಇಟ್ಟುಕೊಳ್ಳಿ.

ಇಷ್ಟಾದರೂ ಪಟ್ಟಿ ಬೇಕೇ ಬೇಕು ಅನ್ನುವವರಿದ್ದಾರೆ. ತಗೊಳ್ಳಿ. ಸೊಂಗ್‌ಪ್ಯೊನ್ ತಿಂದೆ. ಅಕ್ಕಿ ಹಿಟ್ಟಿನ ಕಣಕದೊಳಗೆ ಎಳ್ಳು, ಸಕ್ಕರೆ ಇಟ್ಟು ಮಡಚಿ, ಪೈನ್ ಮರದ ಸೂಜಿಯಂಥ ಎಲೆಗಳ ಮೇಲೆ ಹಬೆಯಲ್ಲಿ ಬೇಯಿಸುತ್ತಾರೆ. ಗೌರಿ ಹಬ್ಬದ ಎಳ್ಳು ಕಡುಬಿನ ತಂಗಿ ಅಂದುಕೊಳ್ಳಿ. ಚೆಂದವಾಗಿ ಮಡಚಿದವಳಿಗೆ ಚೆಂದದ ಮಗಳು ಹುಟ್ಟುತ್ತಾಳಂತೆ. ಜೊನ್ ತಿಂದೆ. ತರಕಾರಿ, ಮೀನು ಎಲ್ಲವನ್ನೂ ಹಿಟ್ಟು, ಮೊಟ್ಟೆಯಲ್ಲಿ ಅದ್ದಿ ತವಾದ ಮೇಲೆ ಎಣ್ಣೆಯಲ್ಲಿ ಬೇಯಿಸಿದ್ದು. ಬೇಯಿಸಿದ ಆಕ್ಟೋಪಸ್ ತಿಂದೆ. ಆಂಡೊಂಗ್ ಕಡೆ ಹಿರಿಯರ ಮುಂದೆ ಅದು ಇರಲೇಬೇಕು. ಸೊಪ್ಪು, ಮೊಳಕೆಗಳನ್ನು ಅನ್ನಕ್ಕೆ ಹಾಕಿ ಸೋಯಾ ಸಾಸಿನಲ್ಲಿ ಕಲಸಿಕೊಂಡು ತಿಂದೆ. ಖಾರ? ಇಲ್ಲವೇ ಇಲ್ಲ. ಹಿರಿಯರಿಗೆ ಇಡುವ ಅಡುಗೆಗೆ ಕೆಂಪು ಮೆಣಸಿನಪುಡಿ, ಬೆಳ್ಳುಳ್ಳಿ ಹಾಕುವುದಿಲ್ಲ. ಅವು ಆತ್ಮಗಳನ್ನು ಓಡಿಸುತ್ತವೆ ಅನ್ನುವ ನಂಬಿಕೆ. ಪೀಚ್ ಹಣ್ಣೂ ಅದಕ್ಕೇ ಇಡುವುದಿಲ್ಲ.

ಇನ್ನೊಂದು ಮಾತು. ಅವರ ಹಬ್ಬದ ಸಾರಿಗೆ ದನದ ಮಾಂಸ ಬೀಳುತ್ತದೆ. ಇಂಡಿಯಾದ ಹುಡುಗಿ ತಿನ್ನುತ್ತಾಳೋ ಇಲ್ಲವೋ ಅಂತ ಗೆಳತಿಯ ಅಮ್ಮ ನನಗಾಗಿ ಬೇರೆ ಸಣ್ಣ ಪಾತ್ರೆಯಲ್ಲಿ ಮೂಲಂಗಿ, ತೋಫು ಹಾಕಿ ಸಾರು ಮಾಡಿದ್ದರು. ನನ್ನಿಂದ ಆ ಮನೆಗೆ ಆದದ್ದು ಇಷ್ಟೇ: ತೊಳೆಯುವುದಕ್ಕೆ ಒಂದು ಪಾತ್ರೆ ಜಾಸ್ತಿ.

ಸರಿ, ನಿಮ್ಮ ಪ್ರಶ್ನೆಗೆ ಉತ್ತರ ಆಯಿತು. ಈಗ ನನ್ನ ತಕರಾರು ಕೇಳಿ. ಹಬ್ಬ ಅಂದ ಕೂಡಲೇ ‘ಏನ್ ತಿಂದೆ’ ಅನ್ನುತ್ತೀರಲ್ಲ, ಯಾರು ಮೊದಲು ತಿಂದರು ಅಂತ ಒಬ್ಬರಾದರೂ ಕೇಳಬೇಕಲ್ವಾ?

ಮೊದಲು ಉಣ್ಣುವುದು ಸತ್ತವರು. ಚುಸೊಕ್ ಬೆಳಗ್ಗೆ ಚಾರ್ಯೆ ಅಂತ ಮಾಡುತ್ತಾರೆ. ಗೋಡೆಗೆ ಮಡಚುವ ಪರದೆ, ಅದರ ಮುಂದೆ ಎತ್ತರದ ಮೇಜು, ಮೇಜಿನ ಮೇಲೆ ಹಿರಿಯರ ಹೆಸರು ಬರೆದ ಕಾಗದ. ಎದುರಿಗೆ ಸಾಲು ಸಾಲು ಅಡುಗೆ. ಕೆಂಪು ಹಣ್ಣು ಪೂರ್ವಕ್ಕೆ, ಬಿಳಿ ಹಣ್ಣು ಪಶ್ಚಿಮಕ್ಕೆ. ಮೀನು ಪೂರ್ವಕ್ಕೆ, ಮಾಂಸ ಪಶ್ಚಿಮಕ್ಕೆ. ಪೇರ್ ಹಣ್ಣಿನ ತಟ್ಟೆ ಎಲ್ಲಿ ಬರಬೇಕು ಅಂತ ಗೆಳತಿಯ ಚಿಕ್ಕಪ್ಪನಿಗೂ ಅಪ್ಪನಿಗೂ ಸಣ್ಣ ವಾಗ್ವಾದವೇ ಆಯಿತು. ಆಮೇಲೆ ಅಕ್ಕಿಯ ಮದ್ಯ ಬಗ್ಗಿಸಿ ಇಟ್ಟು, ಗಂಡಸರೆಲ್ಲ ನೆಲಕ್ಕೆ ಹಣೆ ಮುಟ್ಟಿಸಿ ಎರಡು ಸಲ ನಮಸ್ಕಾರ ಮಾಡಿದರು. ಹಿರಿಯರು ಉಣ್ಣಲಿ ಅಂತ ಸ್ವಲ್ಪ ಹೊತ್ತು ತಲೆ ತಗ್ಗಿಸಿ ನಿಂತರು. ಕೊನೆಗೆ ಹೆಸರಿನ ಕಾಗದ ಸುಟ್ಟರು.

ಅಷ್ಟು ಹೊತ್ತೂ ಹೆಂಗಸರು ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದರು. ನಾನೂ ಅಲ್ಲೇ.

ಆಮೇಲೆ ಊಟ. ದೊಡ್ಡ ಮೇಜಿಗೆ ಗಂಡಸರು ಮತ್ತು ಅಜ್ಜಿ. ನನ್ನನ್ನೂ ತೋಳು ಹಿಡಿದು ಅಲ್ಲಿಯೇ ಕೂರಿಸಿದರು, ಚಿಕ್ಕಪ್ಪನ ಪಕ್ಕ. ಅತಿಥಿ ಅಲ್ವಾ, ಅದೂ ಪರದೇಶದವಳು. ಕೊರಿಯನ್ ನಾಲ್ಕು ಮಾತು ಸರಿಯಾಗಿ ಬಾರದ ನನಗೆ ಮೊದಲ ಪಂಕ್ತಿ. ಗೆಳತಿ ಸೋಲ್‌ನಲ್ಲಿ ಎಂಜಿನಿಯರು. ತಿಂಗಳ ಸಂಬಳ ಆ ಮೇಜಿನಲ್ಲಿ ಕೂತ ಯಾವ ಗಂಡಸಿಗಿಂತಲೂ ಕಮ್ಮಿ ಇಲ್ಲ. ಅವಳು ತನ್ನ ಚಿಕ್ಕಪ್ಪನ ಮಕ್ಕಳಿಗೆ ಸಾರಿನ ಬಟ್ಟಲು ಹೊತ್ತು ತಂದು ಇಡುತ್ತಿದ್ದಳು. ನನ್ನ ಮುಂದೆ ಬಟ್ಟಲು ಇಡುವಾಗ ಮಾತ್ರ ಕಣ್ಣು ಹೊಡೆದಳು.

ನನ್ನನ್ನು ಕೇಳಬೇಕಾದ ಪ್ರಶ್ನೆ ಇದು: ‘ಆ ಮನೆಯ ಹೆಂಗಸರು ಯಾವಾಗ ಉಂಡರು?’

ಆಮೇಲೆ ಉಂಡರು. ಅಡುಗೆ ಮನೆಯ ಸಣ್ಣ ಮೇಜಿನಲ್ಲಿ, ಸರದಿಯ ಮೇಲೆ. ಗೆಳತಿಯ ಅಮ್ಮ ಕೂರಲೇ ಇಲ್ಲ. ಅವರನ್ನು ನಾನು ಒಮೊನಿ ಅಂತಲೇ ಕರೆಯುತ್ತಿದ್ದೆ. ಮುರಿದುಹೋದ ಜೊನ್ ಚೂರುಗಳನ್ನು ನಿಂತುಕೊಂಡೇ ಬಾಯಿಗೆ ಹಾಕಿಕೊಂಡು, ಮಧ್ಯಾಹ್ನ ಗುಡ್ಡದ ಮೇಲಿನ ಸಮಾಧಿಗಳಿಗೆ ಒಯ್ಯುವ ಬುತ್ತಿ ಕಟ್ಟುತ್ತಿದ್ದರು. ಸ್ವಂತ ತವರಿಗೆ ಅವರು ಹೊರಟಾಗ ಹಬ್ಬದ ದಿನ ಹೆಚ್ಚುಕಮ್ಮಿ ಮುಗಿದೇ ಹೋಗಿತ್ತು. ಹಬ್ಬ ಮುಗಿಸಿದ ಹೆಂಗಸರಿಗೆ ಬರುವ ಮೈಕೈ ನೋವು, ತಲೆನೋವು, ಸಿಟ್ಟು, ಇವೆಲ್ಲಕ್ಕೂ ಸೇರಿಸಿ ಅಲ್ಲಿ ‘ಹಬ್ಬದ ಕಾಯಿಲೆ’ ಅಂತಲೇ ಹೇಳುತ್ತಾರೆ. ಟೀವಿಯಲ್ಲೂ ಚರ್ಚೆ ಆಗುತ್ತದೆ.

ಇದರಲ್ಲಿ ತಮಾಷೆ ಏನು ಗೊತ್ತಾ? ಇಷ್ಟೊಂದು ಮಾಡಬೇಕಾಗಿಯೇ ಇಲ್ಲ. ಕೊರಿಯಾದಲ್ಲಿ ಇಂಥ ಆಚಾರಗಳಿಗೆಲ್ಲ ದೊಡ್ಡ ಮಾತು ಸೊಂಗ್‌ಗ್ಯುನ್‌ಗ್ವಾನ್ ಎಂಬ ಹಳೆಯ ಕನ್ಫ್ಯೂಷಿಯನ್ ಪೀಠದ್ದು. 2022ರ ಸೆಪ್ಟೆಂಬರಿನಲ್ಲಿ ಅವರೇ ಪ್ರಕಟಣೆ ಹೊರಡಿಸಿದರು. ಚಾರ್ಯೆಗೆ ಒಂಬತ್ತು ಬಗೆ ಸಾಕು, ಎಣ್ಣೆಯಲ್ಲಿ ಕರಿದದ್ದು ಇರಲೇಬೇಕೆಂದಿಲ್ಲ, ಹಣ್ಣುಗಳನ್ನು ಹೇಗೆ ಬೇಕಾದರೂ ಇಡಬಹುದು, ಕೆಂಪು ಪೂರ್ವಕ್ಕೆ ಬಿಳಿ ಪಶ್ಚಿಮಕ್ಕೆ ಅನ್ನುವುದು ಹಳೆಯ ಗ್ರಂಥಗಳಲ್ಲೇ ಇಲ್ಲ ಅಂತ. ಪೇರ್ ಹಣ್ಣಿನ ಜಗಳಕ್ಕೆ ಒಂದು ವರ್ಷ ಮೊದಲೇ ತೀರ್ಪು ಬಂದಾಗಿತ್ತು! ಗೆಳತಿ ಇದನ್ನು ಫೋನಿನಲ್ಲಿ ಅಮ್ಮನಿಗೆ ತೋರಿಸಿದಳು. ಒಮೊನಿ ಕನ್ನಡಕ ಸರಿಮಾಡಿಕೊಂಡು ಪೂರ್ತಿ ಓದಿದರು. ‘ಇದನ್ನು ನನ್ನ ಅತ್ತೆಗೆ ಯಾರು ಹೇಳ್ತಾರೆ?’ ಅಂದು ಫೋನು ವಾಪಸ್ ಕೊಟ್ಟರು.

ಇದನ್ನು ಓದಿ ‘ಛೇ, ಕೊರಿಯಾದವರು ಹೀಗಾ’ ಅಂತ ಲೊಚಗುಟ್ಟಬೇಡಿ. ಆ ವರ್ಷ ಚುಸೊಕ್ ಬಂದದ್ದು ಸೆಪ್ಟೆಂಬರ್ 29ಕ್ಕೆ. ನಮ್ಮ ಪಿತೃಪಕ್ಷ ಶುರುವಾದದ್ದೂ ಅವತ್ತೇ. ಚುಸೊಕ್ ಚಾಂದ್ರಮಾನದ ಎಂಟನೇ ತಿಂಗಳ ಹುಣ್ಣಿಮೆ. ಅಧಿಕ ಮಾಸದ ಲೆಕ್ಕ ಹೊಂದಿದರೆ ನಮ್ಮ ಭಾದ್ರಪದದ ಹುಣ್ಣಿಮೆಯ ಜೊತೆಗೇ ಬೀಳುತ್ತದೆ. ನಮ್ಮ ಕಡೆ ಹಿರಿಯರಿಗೆ ಎಡೆ ಇಡುವಾಗಲೂ ಮಾಂಸ ಇರುತ್ತದೆ, ಹೆಂಡ ಇರುತ್ತದೆ. ಸತ್ತವರಿಗೆ ಏನಿಷ್ಟವೋ ಅದೆಲ್ಲ ಇರುತ್ತದೆ. ಬಾಗಿಲು ಹಾಕಿಕೊಂಡು ಹೊರಗೆ ಕಾಯುವುದೂ ಉಂಟು. ವಡೆ, ಕಜ್ಜಾಯ ಬೇಯಿಸಿದವರು ಯಾವ ಪಂಕ್ತಿಗೆ ಕೂರುತ್ತಾರೆ ಅಂತ ನಾನು ಹೇಳಬೇಕಾ?

ನಾನು ಬಯಸುವಂಥ ಪ್ರಶ್ನೆಯನ್ನು ಇಲ್ಲಿಯವರೆಗೆ ಕೇಳಿದ್ದು ಒಬ್ಬರೇ. ಒಮೊನಿ. ಹಬ್ಬದ ಹಿಂದಿನ ಸಂಜೆ ಅದು. ಮೂರು ಗಂಟೆಯ ದಾರಿಗೆ ಅದರ ಎರಡರಷ್ಟು ಹೊತ್ತು ಹಿಡಿದು ಬಂದಿದ್ದೆವು. ಹಬ್ಬಕ್ಕೆ ಹೆದ್ದಾರಿ ಟೋಲ್ ಮಾಫಿ, ಅದಕ್ಕೇ ಏನೋ ಇಡೀ ದೇಶ ರಸ್ತೆಯಲ್ಲಿತ್ತು. ಅಡುಗೆ ಮನೆಯ ನೆಲಕ್ಕೆ ಪೇಪರ್ ಹಾಸಿ, ಕರೆಂಟಿನ ತವಾ ಇಟ್ಟುಕೊಂಡು ಅವರು ಎಲೆಕೋಸಿನ ಜೊನ್ ಮಾಡುತ್ತಿದ್ದರು. ನಮ್ಮ ಉಂಡೆ ಕೋಸಲ್ಲ, ಕಿಮ್ಚಿಗೆ ಹಾಕುವ ಉದ್ದನೆಯ ಕೋಸು. ಎಲೆಯ ದಪ್ಪ ದಂಟನ್ನು ಚಾಕುವಿನ ಬೆನ್ನಿನಿಂದ ಟಕಟಕ ಬಡಿಯಬೇಕು. ಇಲ್ಲದಿದ್ದರೆ ತವಾದ ಮೇಲೆ ಎಲೆ ಸಪಾಟಾಗಿ ಕೂರುವುದಿಲ್ಲ. ಆಮೇಲೆ ತೆಳ್ಳಗಿನ ಗೋಧಿ ಹಿಟ್ಟಿನಲ್ಲಿ ಅದ್ದಿ, ಒಂದರ ತುದಿ ಆಚೆಗೆ, ಮುಂದಿನದರ ತುದಿ ಈಚೆಗೆ, ಹೀಗೆ ಜೋಡಿಸಬೇಕು. ಹಿಟ್ಟು ಜಾಸ್ತಿ ಹಿಡಿದರೆ ರುಚಿ ಕೆಡುತ್ತದೆ. ದಂಟು ಬಡಿಯುವ ಕೆಲಸ ನಾನೇ ಕೇಳಿ ಇಸ್ಕೊಂಡಿದ್ದೆ.

‘ನಿಮ್ಮಲ್ಲಿ ಇದನ್ನೆಲ್ಲ ಯಾರು ಮಾಡ್ತಾರೆ?’ ಅಂದರು.

‘ಅಮ್ಮ, ದೊಡ್ಡಮ್ಮ, ಅತ್ತಿಗೆ.’

‘ಗಂಡಸರು?’

‘ಎಡೆ ಇಟ್ಟು ಕೈ ಮುಗೀತಾರೆ.’

ಒಮೊನಿ ನಕ್ಕರು ನೋಡಿ, ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಳ್ಳುವಷ್ಟು. ಓರಗಿತ್ತಿಯನ್ನು ಕೂಗಿ ಕರೆದು ನನ್ನ ಮಾತನ್ನು ಇನ್ನೊಮ್ಮೆ ಹೇಳಿಸಿದರು. ಆಚೆ ಹಜಾರದಲ್ಲಿ ಗಂಡಸರು ಹಬ್ಬದ ಕುಸ್ತಿ ಪಂದ್ಯ ನೋಡುತ್ತಾ ಚೆಸ್ಟ್‌ನಟ್ ಸುಲಿಯುತ್ತಿದ್ದರು. ಅದೊಂದು ಮಾತ್ರ ಗಂಡಸರ ಕೆಲಸ. ಹಸಿ ಕಾಯಿಯನ್ನು ಸುಲಿದು, ಮೇಲೂ ಕೆಳಗೂ ಸಪಾಟಾಗಿ ಕೆತ್ತಬೇಕು. ನಗು ಕೇಳಿ ಗೆಳತಿಯ ಅಪ್ಪ ಅಲ್ಲಿಂದಲೇ ಕೂಗಿದರು: ಒಂದು ಬಟ್ಟಲು ಆಯ್ತು, ಸಾಕಾ, ಇನ್ನೂ ಬೇಕಾ?