ಭರ್ಜಿ ಅರ್ಧ ಪಿಕ್ಸೆಲ್ ದಪ್ಪ

ಹುಬ್ಬಳ್ಳಿ
9 ಆಗಸ್ಟ್ 2024, ಶುಕ್ರವಾರ, ನಾಗರ ಪಂಚಮಿ

ಪ್ಯಾರಿಸ್ ಒಲಿಂಪಿಕ್ಸ್‌ನ ಪುರುಷರ ಭರ್ಜಿ ಎಸೆತದ ಫೈನಲ್‌ನಲ್ಲಿ ನಿನ್ನೆ ರಾತ್ರಿ ಪಾಕಿಸ್ತಾನದ ಅರ್ಷದ್ ನದೀಮ್ 92.97 ಮೀಟರ್, ನಮ್ಮ ನೀರಜ್ ಚೋಪ್ರಾ 89.45. ಜೋಕಾಲಿ ಕಟ್ಟಿದ ಓಣಿಗಳಲ್ಲೆಲ್ಲ ಇವತ್ತು ಉಂಡಿ ಜೊತೆಗೆ ಈ ಎರಡು ಅಂಕಿಗಳದೇ ಮಾತು. ಮಾತಿನ ನಡುವೆ ಟಿವಿಯವರಿಗೆ ಬೈಗುಳವೂ ಧಾರಾಳ. ಭರ್ಜಿ ಹಾರಿದ್ದು ಕಾಣಲಿಲ್ಲ, ಫೌಲ್ ಯಾಕಾಯಿತು ತಿಳಿಯಲಿಲ್ಲ, ನಡುವೆ ಜಾಹೀರಾತು ಬಂತು, ಪಕ್ಕದ ಮನೆಯವರು ಮೊದಲೇ ಕೂಗಿದರು. ನಾಲ್ಕೂ ದೂರು ಸರಿಯೇ, ಆದರೆ ನಾಲ್ಕಕ್ಕೂ ಹೊಣೆಗಾರರು ಬೇರೆ ಬೇರೆ.

ಮೊದಲನೆಯದಾಗಿ, ಈ ಚಿತ್ರ ತೆಗೆದವರು ಭಾರತದ ಚಾನೆಲ್‌ನವರಲ್ಲ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2001ರಲ್ಲಿ ಇದಕ್ಕೆಂದೇ ಕಟ್ಟಿಕೊಂಡ ಸಂಸ್ಥೆ ಒಲಿಂಪಿಕ್ ಬ್ರಾಡ್‌ಕಾಸ್ಟಿಂಗ್ ಸರ್ವೀಸಸ್, ಚಿಕ್ಕದಾಗಿ ಓಬಿಎಸ್. ಪ್ಯಾರಿಸ್‌ನಲ್ಲಿ ಅದರ ಕ್ಯಾಮೆರಾಗಳೇ ಸಾವಿರಕ್ಕೂ ಹೆಚ್ಚು, ತಯಾರಾಗುವ ಕಾರ್ಯಕ್ರಮ 11,000 ಗಂಟೆಗೂ ಹೆಚ್ಚು. ಎಲ್ಲ ಮೈದಾನಗಳ ಸಿಗ್ನಲ್ ಫೈಬರ್ ಮೂಲಕ ಲೆ ಬೂರ್ಜೆಯ ಪ್ರಸಾರ ಕೇಂದ್ರಕ್ಕೆ ಬಂದು, ಅಲ್ಲಿಂದ ದೇಶದೇಶಕ್ಕೆ ಹಂಚಿಕೆಯಾಗುತ್ತದೆ. ಅದರಲ್ಲಿ ಚಿತ್ರ ಇರುತ್ತದೆ, ಅಂಕಿ-ಹೆಸರಿನ ಗ್ರಾಫಿಕ್ಸ್ ಇರುತ್ತದೆ, ಮೈದಾನದ ಸದ್ದು ಇರುತ್ತದೆ. ಕಾಮೆಂಟರಿ ಇರುವುದಿಲ್ಲ. ಅದನ್ನು ಆಯಾ ದೇಶದವರು ತಮ್ಮ ಭಾಷೆಯಲ್ಲಿ ಸೇರಿಸಿಕೊಳ್ಳುತ್ತಾರೆ, ಬಹಳ ಸಲ ತಮ್ಮೂರಿನ ಸ್ಟುಡಿಯೋದಲ್ಲಿ ಪರದೆ ನೋಡುತ್ತಲೇ. ದುಡ್ಡಿರುವ ದೊಡ್ಡ ಚಾನೆಲ್‌ಗಳು ಸ್ವಂತದ ಒಂದಷ್ಟು ಕ್ಯಾಮೆರಾ ಸೇರಿಸುವುದುಂಟು. ಮೂಲ ಚಿತ್ರ ಮಾತ್ರ ಜಗತ್ತಿಗೆಲ್ಲ ಒಂದೇ.

ಅಥ್ಲೆಟಿಕ್ಸ್‌ನಲ್ಲಿ ಇದು ಇನ್ನೂ ಸೂಕ್ಷ್ಮ. ನಿನ್ನೆ ರಾತ್ರಿ ನಮ್ಮ ಸಮಯ 11.55ಕ್ಕೆ ಭರ್ಜಿ ಶುರು, ಐದೇ ನಿಮಿಷಕ್ಕೆ ಪುರುಷರ 200 ಮೀಟರ್ ಫೈನಲ್. ಮಹಿಳೆಯರ ಉದ್ದ ಜಿಗಿತ ಮೊದಲೇ ಶುರುವಾಗಿ ನಡೆಯುತ್ತಿತ್ತು. ಮುಂದೆ ಮಹಿಳೆಯರ 400 ಮೀಟರ್ ಹರ್ಡಲ್ಸ್, ಅದರಲ್ಲಿ ಸಿಡ್ನಿ ಮೆಕ್ಲಾಫ್ಲಿನ್-ಲೆವ್ರೋನ್ ಅವರ 50.37 ಸೆಕೆಂಡಿನ ವಿಶ್ವದಾಖಲೆ. ಹೀಗೆ ಚಾನೆಲ್‌ಗಳಿಗೆ ಹೋಗುವ ಚಿತ್ರದ ಎಳೆಗೆ ಫೀಡ್ ಎನ್ನುತ್ತಾರೆ. ಇಷ್ಟನ್ನೂ ಒಂದೇ ಎಳೆಯಲ್ಲಿ ಹೆಣೆದು ಕೊಡುವುದು ಇಂಟಿಗ್ರೇಟೆಡ್ ಫೀಡ್. ಎಸೆತಕ್ಕೆ, ಜಿಗಿತಕ್ಕೆ, ಓಟಕ್ಕೆ ಪ್ರತ್ಯೇಕ ಫೀಡ್‌ಗಳೂ ಇರುತ್ತವೆ, ಒಂದೊಂದಕ್ಕೂ ಅದರದೇ ನಿರ್ದೇಶಕ. ಹೆಣೆದ ಫೀಡ್ ಹಿಡಿದ ದೇಶಕ್ಕೆ ಭರ್ಜಿಯ ಅರ್ಧ ಎಸೆತಗಳು ತುಣುಕಾಗಿ, ತಡವಾಗಿ ಸಿಗುತ್ತವೆ. ಪದಕದ ಆಸೆ ಇರುವ ಆಟಕ್ಕೆ ಎಸೆತದ ಫೀಡನ್ನೇ ಹಿಡಿಯಬೇಕು, ಇದರಲ್ಲಿ ಎರಡು ಮಾತಿಲ್ಲ. ಹನ್ನೆರಡು ಮಂದಿಗೆ ಮೂರು ಸುತ್ತು, ಉಳಿದ ಎಂಟು ಮಂದಿಗೆ ಇನ್ನೂ ಮೂರು: ಒಟ್ಟು 60 ಎಸೆತ. ಕೊನೆಯ ಸುತ್ತುಗಳಲ್ಲಿ ಮುಂದಿದ್ದವನು ಕೊನೆಗೆ ಬರುತ್ತಾನೆ. ಆದ್ದರಿಂದ ನದೀಮ್ ಅವರ 91.79 ಎಲ್ಲ ಮುಗಿಯುವ ಹೊತ್ತಿಗೆ ಬಂತು. ಅಷ್ಟೊತ್ತಿಗೆ ಬೇರೆ ಫೀಡಿಗೆ ಹಾರಿದವರಿಗೆ ಅದು ತಪ್ಪಿತು.

ಇನ್ನು ಭರ್ಜಿ ಕಾಣದ ದೂರು. ಇದು ಗಣಿತ. ಪುರುಷರ ಭರ್ಜಿ 800 ಗ್ರಾಂ ತೂಕ, 2.6ರಿಂದ 2.7 ಮೀಟರ್ ಉದ್ದ, ತೀರಾ ದಪ್ಪಗಿರುವ ಕಡೆ 25ರಿಂದ 30 ಮಿಲಿಮೀಟರ್. ಇಡೀ ಹಾರಾಟ ಒಂದೇ ಚೌಕಟ್ಟಿನಲ್ಲಿ ಬರಲಿ ಎಂದು 100 ಮೀಟರ್ ಅಗಲದ ದೃಶ್ಯ ಇಟ್ಟರೆ, ಎಚ್‌ಡಿ ಚಿತ್ರದ ಅಗಲಕ್ಕಿರುವ 1920 ಪಿಕ್ಸೆಲ್‌ನಲ್ಲಿ, ಅಂದರೆ ಚುಕ್ಕಿಗಳಲ್ಲಿ, ಒಂದು ಮೀಟರಿಗೆ ಸಿಗುವುದು 19. ಭರ್ಜಿಯ ಉದ್ದ 50 ಪಿಕ್ಸೆಲ್, ದಪ್ಪ ಅರ್ಧ ಪಿಕ್ಸೆಲ್! ಒಟ್ಟು ನಾಲ್ಕು ಪಟ್ಟು, ಅಗಲಕ್ಕೆ ಎರಡು ಪಟ್ಟು ಪಿಕ್ಸೆಲ್‌ನ ಯುಎಚ್‌ಡಿಯಲ್ಲಿ ತೆಗೆದರೂ ದಪ್ಪ ಒಂದು ಪಿಕ್ಸೆಲ್ ಮಾತ್ರ. ಹಿಂದೆ ಅಲುಗಾಡುವ ಜನ. ಆ ಗೀರನ್ನು ನಮ್ಮ ಡಿಶ್‌ಗೆ ಕಳಿಸುವಾಗ ಚಿತ್ರವನ್ನು ಕುಗ್ಗಿಸುವ ಎನ್‌ಕೋಡರ್ ಯಂತ್ರ ಅದನ್ನು ಕಸವೆಂದು ತಿಳಿದು ಒರೆಸಿಬಿಡುತ್ತದೆ. ಕಡಿಮೆ ಬಿಟ್‌ರೇಟಿನಲ್ಲಿ, ಅಂದರೆ ಸೆಕೆಂಡಿಗೆ ಕಳಿಸುವ ಮಾಹಿತಿ ಕಡಿಮೆಯಾದಾಗ, ಮೊದಲು ಸಾಯುವುದು ತೆಳುವಾದದ್ದೂ ವೇಗವಾದದ್ದೂ, ಭರ್ಜಿ ಎರಡೂ ಹೌದು.

ಆದ್ದರಿಂದ ಮುಖ್ಯ ಕ್ಯಾಮೆರಾ ಬಿಗಿಯಾಗಿ ಹಿಡಿದು ಬೆನ್ನಟ್ಟಲೇಬೇಕು. ಇಂಥ ಮೈದಾನಕ್ಕೆ ತರುವ ಪೆಟ್ಟಿಗೆಯಂಥ ದೊಡ್ಡ ಲೆನ್ಸ್‌ಗಳಿಗೆ ನೂರು ಪಟ್ಟಿಗೂ ಮಿಕ್ಕ ಜೂಮ್ ಇರುತ್ತದೆ. ಕೈಬಿಟ್ಟಾಗ ಭರ್ಜಿಯ ವೇಗ ಸೆಕೆಂಡಿಗೆ 30 ಮೀಟರಿನ ಆಸುಪಾಸು, ಗಾಳಿಯಲ್ಲಿರುವುದು ಸುಮಾರು ನಾಲ್ಕು ಸೆಕೆಂಡು. ಅಷ್ಟರಲ್ಲಿ ಕ್ಯಾಮೆರಾದವನು ಒಂದು ಕೈಯಲ್ಲಿ ಫೋಕಸ್, ಇನ್ನೊಂದು ಕೈಯಲ್ಲಿ ಜೂಮ್ ನಡೆಸುತ್ತ ತಿರುಗಬೇಕು. ಭರ್ಜಿಯನ್ನು ಕಣ್ಣಿಂದ ಹುಡುಕಿ ತಿರುಗಿಸುವವನು ಅದನ್ನು ಕಳೆದುಕೊಂಡೇ ತೀರುತ್ತಾನೆ. ತೋಳು ಬೀಸಿದ ಕೋನ ನೋಡಿ ಅದು ಎಲ್ಲಿ ಇರಬೇಕೋ ಅಲ್ಲಿಗೆ ಮೊದಲೇ ಹೋಗಿ ಕಾಯಬೇಕು. ಎಸೆತಗಾರನ ಬೆನ್ನ ಹಿಂದಿನ ಕ್ಯಾಮೆರಾ ದಿಕ್ಕು ತೋರಿಸುತ್ತದೆ, ದೂರವನ್ನಲ್ಲ. ಬೀಳುವ ಕಡೆಯಿಂದ ಎದುರು ನೋಡುವ ಕ್ಯಾಮೆರಾ ಭಯಂಕರವಾಗಿ ಚಂದ, ಆದರೆ ಅದನ್ನು ಲೈವ್‌ನಲ್ಲಿ ಹಾಕಿದರೆ ನೋಡುವವನಿಗೆ ಏನೂ ಅರ್ಥವಾಗದು. ಅದು ಮರುಪ್ರದರ್ಶನದ ಸರಕು.

ಹುಲ್ಲಿನ ಮೇಲೆ ಕಾಣುವ ದಾಖಲೆಯ ಗೆರೆ ನೆಲದ ಮೇಲೆ ಎಳೆದದ್ದಲ್ಲ. ಕ್ಯಾಮೆರಾ ಎಷ್ಟು ತಿರುಗಿದೆ, ಎಷ್ಟು ಬಾಗಿದೆ, ಜೂಮ್ ಎಷ್ಟು ಎಂಬ ಲೆಕ್ಕ ಹಿಡಿದು ಕಂಪ್ಯೂಟರ್ ಬಿಡಿಸುತ್ತದೆ. ಯಾರಾದರೂ ಕ್ಯಾಮೆರಾದ ಸ್ಟ್ಯಾಂಡಿಗೆ ತುಸು ತಾಗಿದರೂ ಗೆರೆ ಜಾರುತ್ತದೆ. ಮತ್ತೆ ಮೈದಾನದ ಗೊತ್ತಿರುವ ಗುರುತುಗಳಿಗೆ ಕೂಡಿಸಿ ಸರಿಪಡಿಸಬೇಕು. ಗೆರೆ ದಾಟಿತಲ್ಲ ಎಂದು ಚಪ್ಪಾಳೆ ಹೊಡೆದ ಮೇಲೆ ಅಧಿಕೃತ ಅಂಕಿ ಕಡಿಮೆ ಬಂದರೆ ಮೋಸ ಏನಿಲ್ಲ. ಅಳತೆ ನಡೆಯುವುದು ಬೇರೆ ಉಪಕರಣದಲ್ಲಿ, ತುದಿ ತಾಗಿದ ಗುರುತಿಗೆ, ಸೆಂಟಿಮೀಟರಿನ ಕೆಳಗಿನದನ್ನು ಬಿಟ್ಟು.

ಫೌಲ್ ವಿಷಯಕ್ಕೆ ಬಂದರೆ, ನೀರಜ್ ಅವರ ಆರರಲ್ಲಿ ಐದು ಎಸೆತ ಫೌಲ್. ಅವರು ಎಸೆದ ಜೋರಿಗೆ ಮುಂದಕ್ಕೆ ಕೈಯೂರಿ ಬೀಳುವವರು. ಎಸೆಯುವವರು ದಾಟಬಾರದ ಗೆರೆಯಾದ ಬಿಳಿ ಕಮಾನಿಗೂ ಅವರ ಕೈಕಾಲಿಗೂ ಅಂತರ ಕಡಿಮೆ. ಇದನ್ನು ತೋರಿಸಲು ಕಮಾನಿನ ಪಕ್ಕದಲ್ಲಿ, ನೆಲಕ್ಕೆ ಅಂಟಿದಂತೆ ಒಂದು ಕ್ಯಾಮೆರಾ ಬೇಕು. ಎಸೆತ ಚೆನ್ನಾಗಿ ಹೋಗಲಿಲ್ಲವೆಂದು ಆಟಗಾರರೇ ಬೇಕೆಂದು ಗೆರೆ ದಾಟುವುದೂ ಉಂಟು. ಕೆಂಪು ಬಾವುಟ ಎದ್ದರೆ ಅಳತೆಯೇ ಇಲ್ಲ, ಅಂಕಿಯೂ ಪರದೆಗೆ ಬರುವುದಿಲ್ಲ. ಮರುಪ್ರದರ್ಶನದ ಯಂತ್ರದಲ್ಲಿ ಸೆಕೆಂಡಿಗೆ 150 ಚಿತ್ರ ಹಿಡಿದದ್ದನ್ನು 50ರ ಲೆಕ್ಕದಲ್ಲಿ ಓಡಿಸಿದರೆ ಮೂರು ಪಟ್ಟು ನಿಧಾನ. ಓಟ ಐದಾರು ಸೆಕೆಂಡು, ಹಾರಾಟ ನಾಲ್ಕು, ಮುಖದ ಭಾವ ಐದು, ಮರುಪ್ರದರ್ಶನ ಹತ್ತು, ಆಮೇಲೆ ಅಂಕಿ, ಮುಂದಿನವನ ಹೆಸರು. ಎರಡನೇ ಮರುಪ್ರದರ್ಶನ ಕಷ್ಟಪಟ್ಟು ಹಿಡಿಸುತ್ತದೆ. ಮೂರನೆಯದಕ್ಕೆ ಆಸೆಪಟ್ಟ ನಿರ್ದೇಶಕ ಮುಂದಿನ ಎಸೆತದ ಓಟವನ್ನು ನುಂಗುತ್ತಾನೆ. ನಿಧಾನಗತಿಯ ಹುಚ್ಚು ಈಗ ಸ್ವಲ್ಪ ಅತಿಯಾಗಿದೆ ಎಂದೇ ಅನ್ನಿಸುತ್ತದೆ. ಕಣ್ಣೀರು, ಬೆವರು ಎಲ್ಲ ಸರಿ, ಕಾಲು ಎಲ್ಲಿತ್ತು ಎಂಬುದು ಮೊದಲು.

ಬಣ್ಣದ ಕೆಲಸವನ್ನು ಯಾರೂ ಹೊಗಳುವುದಿಲ್ಲ. ಅಥ್ಲೆಟಿಕ್ಸ್ ನಡೆಯುವ ಸ್ಟಾಡ್ ಡಿ ಫ್ರಾನ್ಸ್ ಕ್ರೀಡಾಂಗಣದ ಓಟದ ಹಾದಿ ಈ ಸಲ ನೇರಳೆ. ಕತ್ತಲಾಗುವಾಗ ಬಿಸಿಲಿನಿಂದ ದೀಪಕ್ಕೆ ಬೆಳಕು ಬದಲಾಗುತ್ತ ಹೋದಂತೆ ಪ್ರತಿ ಕ್ಯಾಮೆರಾದಲ್ಲೂ ಅದೇ ನೇರಳೆ ಉಳಿಯಬೇಕು. ಮೈದಾನದ ಹೊರಗೆ ನಿಲ್ಲುವ ಪ್ರಸಾರದ ಗಾಡಿ, ಓಬಿ ವ್ಯಾನಿನಲ್ಲಿ ಕುಳಿತವರು ಒಂದೊಂದು ಕ್ಯಾಮೆರಾದ ಐರಿಸ್ (ಬೆಳಕು ಒಳಬಿಡುವ ಕಂಡಿ) ಮತ್ತು ಬಣ್ಣವನ್ನು ಗುಂಡಿ ತಿರುಗಿಸಿ ಹೊಂದಿಸುತ್ತಲೇ ಇರುತ್ತಾರೆ.

ಜಾಹೀರಾತಿನ ಹೊಣೆ ಪೂರ್ತಿ ಇಲ್ಲಿಯದು. ಕ್ರಿಕೆಟ್‌ನಲ್ಲಿ ಓವರ್ ಮುಗಿದರೆ ಜಾಗ ಸಿಗುತ್ತದೆ, ಭರ್ಜಿಯಲ್ಲಿ ಗೊತ್ತುಪಡಿಸಿದ ವಿರಾಮ ಇಲ್ಲ. ಚಾನೆಲ್‌ನ ಕಂಟ್ರೋಲ್ ರೂಮಿನಲ್ಲಿ ಕುಳಿತವನ ಕೈಯಲ್ಲಿ ಎಸೆಯುವವರ ಕ್ರಮದ ಪಟ್ಟಿ ಇದ್ದರೆ, ಎರಡು ಮುಖ್ಯ ಎಸೆತಗಳ ನಡುವೆ 30 ಸೆಕೆಂಡು ತೂರಿಸಬಹುದು. ಪಟ್ಟಿ ಇಲ್ಲದೆ ಗಡಿಯಾರ ನೋಡಿ ಬಿಟ್ಟರೆ ಎಡವಟ್ಟು ಖಾತ್ರಿ.

"ಇನ್ನೂ ಒಗದೇ ಇಲ್ಲ, ಆಗಲೇ ಚಪ್ಪಾಳಿ ಯಾಕ ಹೊಡದ್ರು?" ಎಂದು ಪಕ್ಕದ ಮನೆಯ ಕೂಗು ಕೇಳಿದವರ ಪ್ರಶ್ನೆಗೆ ಉತ್ತರ ಅವರು ನೋಡುತ್ತಿದ್ದ ಫೋನಿನಲ್ಲಿದೆ. ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಮೇಲೆ ಹೋಗಿ ಕೆಳಗೆ ಬರಲು ಕಾಲು ಸೆಕೆಂಡು ಸಾಕು. ಎನ್‌ಕೋಡರ್, ಸೆಟ್-ಟಾಪ್ ಬಾಕ್ಸ್ ಸೇರಿ ಇನ್ನು ಕೆಲವು ಸೆಕೆಂಡು. ಫೋನಿಗೆ ಬರುವ ಚಿತ್ರವಾದರೋ ತುಂಡು ತುಂಡಾಗಿ ಬರುತ್ತದೆ. ತುಂಡಿಗೆ 6 ಸೆಕೆಂಡು ಇದ್ದು, ಮೂರು ತುಂಡು ಕೂಡಿದ ಮೇಲೆ ಪ್ಲೇಯರ್ ಶುರುಮಾಡಿದರೆ ಅಲ್ಲೇ 18 ಸೆಕೆಂಡು ಹಿಂದೆ. ನಡುವೆ ನಿಲ್ಲಿಸಿ ಮತ್ತೆ ಒತ್ತಿದರೆ ಇನ್ನೂ ಹಿಂದೆ. ಲೈವ್ ಎಂಬ ಗುಂಡಿ ಇರುವುದು ಅದಕ್ಕೇ, ಒತ್ತಿ.

ಡಿಶ್ ಇದ್ದವರಿಗೆ ಶ್ರಾವಣದ ಮಳೆಯದೇ ಕಾಟ. ಡಿಟಿಎಚ್ ಬರುವ ಕೆಯು ಬ್ಯಾಂಡಿನ ತರಂಗಗಳನ್ನು ಮಳೆಹನಿ ಹೀರುತ್ತದೆ. ಕೇಬಲ್‌ನವರ ದೊಡ್ಡ ಸಿ ಬ್ಯಾಂಡ್ ಡಿಶ್‌ಗೆ ಅಷ್ಟು ತೊಂದರೆ ಇಲ್ಲ. ಹುಬ್ಬಳ್ಳಿಯಿಂದ ಡಿಡಿ ಫ್ರೀ ಡಿಶ್‌ನ ಜಿಸ್ಯಾಟ್-15 ಉಪಗ್ರಹ ಆಗ್ನೇಯಕ್ಕೆ, ನೆಲದಿಂದ ಸುಮಾರು 62 ಡಿಗ್ರಿ ಮೇಲೆ ಇದೆ. ಮಳೆ ನಿಂತು ಅರ್ಧ ಗಂಟೆಯಾದರೂ ಚಿತ್ರ ಬರದಿದ್ದರೆ ಮೋಡದ್ದಲ್ಲ, ಡಿಶ್‌ನ ಮುಂದೆ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಯ ಕನೆಕ್ಟರಿನೊಳಗೆ ಬಹುಶಃ ನೀರು. ಬಿಚ್ಚಿ, ಒರೆಸಿ, ತಂತಿಯ ತುದಿ ಹಸಿರಾಗಿದ್ದರೆ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ. ಕೇಬಲ್ ಕನೆಕ್ಟರಿನಿಂದ ಕೆಳಗೆ ಜೋತು ಬಿದ್ದು ಆಮೇಲೆ ಗೋಡೆ ಹತ್ತುವಂತೆ ಕಟ್ಟಿದರೆ ನೀರು ಒಳಗೆ ಇಳಿಯುವುದಿಲ್ಲ.

ಇವತ್ತು ರಾತ್ರಿ ಅಮನ್ ಸೆಹ್ರಾವತ್ ಅವರ 57 ಕೆಜಿ ಕಂಚಿನ ಕುಸ್ತಿ. ಟಿವಿಯವರಿಗೆ ಭರ್ಜಿಗಿಂತ ಎಷ್ಟೋ ಸಲೀಸು: ಕಣ ಚಿಕ್ಕದು, ಮೂರು ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡು ಬಿಡುವು. ಜಾಹೀರಾತಿಗೂ ಆ ಬಿಡುವೇ ಗತಿ. ಕೋಚ್ ಕಣಕ್ಕೆ ಮೆತ್ತನೆಯ ಗೊಂಬೆಯನ್ನೋ ಸ್ಪಂಜನ್ನೋ ಎಸೆದರೆ ಅಂಕವನ್ನು ಪ್ರಶ್ನಿಸಿದ್ದಾನೆ ಎಂದರ್ಥ. ಆಗ ತೀರ್ಪುಗಾರರು ವಿಡಿಯೋ ನೋಡುತ್ತಾರೆ, ಆ ಹೊತ್ತಿನಲ್ಲಿ ಚಾನೆಲ್ ಬದಲಿಸಬೇಡಿ.