ಮಾಂಟೆರಿಯ ಬೊಂಡಾಸ್ ಎಲ್ಲಿ ಹೋಗಿತ್ತು?

ಕ್ಯಾಲಿಫೋರ್ನಿಯಾಕ್ಕೆ ಬಂದ ಹೊಸತರಲ್ಲಿ ಒಂದು ರಾತ್ರಿ ಮಾಂಟೆರಿ ಕಡಲ ದಡದಲ್ಲಿ ನಿಂತಿದ್ದೆ. ನೀರಿನ ಮೇಲೆ ಕಣ್ಣು ಕುಕ್ಕುವಷ್ಟು ಬೆಳಕು. ನಮ್ಮ ಮಲ್ಪೆ ಕಡೆ ಲೈಟ್ ಫಿಶಿಂಗ್ ಅಂದರೆ ಜಗಳವೇ, 2017ರಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು. ಇಲ್ಲಿ ಅದು ರಾಜಾರೋಷವಾಗಿ ನಡೆಯುವ ಕಸುಬು. ಒಂದು ಬೋಟು ಲೈಟು ಹಾಕಿ ಬೊಂಡಾಸನ್ನು (ಅಂದರೆ ಸ್ಕ್ವಿಡ್ ಅನ್ನೋ ಕಡಲಜೀವಿಯನ್ನು) ಮೇಲೆ ಬರಿಸುತ್ತದೆ, ಇನ್ನೊಂದು ಪರ್ಸೀನ್ ಬಲೆಯಲ್ಲಿ ಸುತ್ತು ಹಾಕುತ್ತದೆ. ಶುಕ್ರವಾರ ಮಧ್ಯಾಹ್ನದಿಂದ ಭಾನುವಾರದವರೆಗೆ ಮಾತ್ರ ಬಲೆ ಬಿಡುವಂತಿಲ್ಲ, ಅಷ್ಟರಲ್ಲಾದರೂ ಮೊಟ್ಟೆ ಇಡಲಿ ಅಂತ. ಬೊಂಡಾಸಿಗೂ ವೀಕೆಂಡ್ ರಜೆ!

ಆದರೆ ನನ್ನ ತಲೆ ತಿಂದದ್ದು 1998ನೇ ಇಸವಿ. ಅದರ ಹಿಂದಿನ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಸಿಕ್ಕ ಬೊಂಡಾಸ್ 70 ಸಾವಿರ ಟನ್ ಆಸುಪಾಸು. 1998ರಲ್ಲಿ 3 ಸಾವಿರ ಟನ್ನೂ ಇಲ್ಲ. ಅದು ಎಲ್ ನಿನೋ ವರ್ಷ. ಪೆಸಿಫಿಕ್‌ನ ಗಾಳಿ ಸೊರಗಿ, ಬಿಸಿನೀರು ಪೂರ್ವಕ್ಕೆ ಹರಿದು ಬಂದು ಮೇಲೆ ದಪ್ಪಗೆ ಕೂತುಬಿಡುತ್ತದೆ. ಆಗ ಕೆಳಗಿನ ತಂಪು, ಸತ್ವದ ನೀರು ಮೇಲೆ ಬರುವುದಿಲ್ಲ, ಸಿಗಡಿಯಂಥ ಕ್ರಿಲ್ ಕಡಿಮೆಯಾಗುತ್ತದೆ, ಅದನ್ನೇ ತಿನ್ನುವ ಬೊಂಡಾಸ್ ಸಣ್ಣದಾಗಿಯೇ ಉಳಿಯುತ್ತದೆ. ಇದಕ್ಕೆ ಮೊಟ್ಟೆ ಇಡಲು ಬೇಕಾದದ್ದು ಮರಳು ತಳ ಮತ್ತು 10ರಿಂದ 12 ಡಿಗ್ರಿ ತಂಪು. ದಡದ ಹತ್ತಿರ ಅಷ್ಟು ತಂಪು ಇಲ್ಲದಿದ್ದರೆ ಅದು ಯಾಕಾದರೂ ಗುಂಪುಗೂಡಿ ಬರಬೇಕು, ಅಲ್ವಾ? ಬರದಿದ್ದರೆ ಎಷ್ಟು ಲೈಟು ಹಾಕಿದರೂ ಬಲೆ ಖಾಲಿ.

ನನಗೆ ಆಶ್ಚರ್ಯವಾದದ್ದು ಆಮೇಲಿನ ಕಥೆ. 1999ರಲ್ಲಿ ಎಲ್ ನಿನೋಗೆ ತದ್ವಿರುದ್ಧವಾದ ಲಾ ನಿನಾ ಬಂತು, ನೀರು ತಂಪಾಯಿತು, ಹಿಡಿದದ್ದು 90 ಸಾವಿರ ಟನ್ ಹತ್ತಿರ. ಮರುವರ್ಷ ಲಕ್ಷ ದಾಟಿತು. ಬೊಂಡಾಸಿನ ಆಯಸ್ಸೇ ಆರೇಳು ತಿಂಗಳು, ಹೆಚ್ಚೆಂದರೆ ಒಂಬತ್ತೋ ಹತ್ತೋ. ಮೊಟ್ಟೆ ಇಟ್ಟು ಸಾಯುತ್ತದೆ. ಹಳೇ ತಲೆಮಾರು ಅಂತ ಉಳಿಯುವುದೇ ಇಲ್ಲ, ಹಾಗಾಗಿ ಕಡಲು ಕೆಟ್ಟರೆ ಅದೇ ವರ್ಷ ಗೊತ್ತಾಗುತ್ತದೆ, ಸರಿಹೋದರೆ ಮರುವರ್ಷವೇ. ಇದೇ ಮಾಂಟೆರಿಯಲ್ಲಿ ನಮ್ಮ ಬೂತಾಯಿಯ ನೆಂಟನಂಥ ಸಾರ್ಡೀನ್ 1950ರ ಹೊತ್ತಿಗೆ ಕೈಕೊಟ್ಟು, ಮೀನು ಡಬ್ಬಿಗೆ ತುಂಬುವ ಕ್ಯಾನರಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಅದು ಮತ್ತೆ ಕಾಣಿಸಿಕೊಳ್ಳಲು ದಶಕಗಳೇ ಬೇಕಾದವು.

ಇಷ್ಟು ಏರಿಳಿಯುವ ಜೀವಕ್ಕೆ ಸರ್ಕಾರ ಇಟ್ಟಿರುವ ಮಿತಿ ಮಾತ್ರ ಪ್ರತಿ ವರ್ಷ ಒಂದೇ: 1 ಲಕ್ಷ 18 ಸಾವಿರ ಅಮೆರಿಕನ್ ಟನ್. 2010ರ ನಂತರದ ತಂಪು ವರ್ಷಗಳಲ್ಲಿ ಸೀಸನ್ ಮುಗಿಯುವ ಮೊದಲೇ ಆ ಮಿತಿ ತುಂಬಿ ಬೋಟುಗಳು ದಡ ಸೇರಿದ್ದವು. ಎಲ್ ನಿನೋ ವರ್ಷದಲ್ಲಿ ಅಷ್ಟು ಹಿಡಿಯುವುದು ಕನಸಿನ ಮಾತು. ಹಾಗಿದ್ದಾಗ ಆ ಮಿತಿ ಸುಮ್ನೆ ಕಾಗದದ ಮೇಲೆ ಇರುತ್ತದೆ ಅಷ್ಟೇ. ನೀರಿನ ಬಿಸಿ ನೋಡಿ ಅದನ್ನು ಏರಿಸಿ ಇಳಿಸಿದರೆ ಏನು ತೊಂದರೆ ಅಂತ ನನಗಿನ್ನೂ ಅರ್ಥವಾಗಿಲ್ಲ.

2014ರಿಂದ 2016ರವರೆಗೆ ಮತ್ತೆ ಕಡಲು ಬಿಸಿಯಾಯಿತು. ಈ ಸಲ ಬೊಂಡಾಸ್ ಉತ್ತರದ ಆರೆಗಾನ್ ದಡದಲ್ಲಿ ಸಿಗತೊಡಗಿತು. ಕ್ಯಾಲಿಫೋರ್ನಿಯಾದ ಬೋಟುಗಳೂ ಅದರ ಬೆನ್ನು ಹತ್ತಿ ಅಲ್ಲಿಗೇ ಹೋದವು.