ಚಿಪ್ಪರ್ ಬೆಲ್ಟು: ಬಿಗಿ ಮಾಡಿದಷ್ಟೂ ಜಾರಿದ್ದು ಯಾಕೆ

ಜನವರಿ 11

ಕೊನೆ ಕೊಯ್ಲು ಮುಗಿದು ಒಂದು ವಾರವಾಯಿತು. ತೋಟದ ಕಾಲುವೆ ಬದಿಯಲ್ಲಿ ಅಡಿಕೆ ಸೋಗೆ, ತೆಂಗಿನ ಗರಿ, ಸವರಿ ಹಾಕಿದ ಗ್ಲಿರಿಸಿಡಿಯಾ ಕೊಂಬೆ ಎಲ್ಲ ಸೇರಿ ಆಳೆತ್ತರದ ರಾಶಿ. ಬೇಸಿಗೆ ಬಲಿಯುವುದರೊಳಗೆ ಇದನ್ನೆಲ್ಲ ಪುಡಿ ಮಾಡಿ ಮರದ ಬುಡಕ್ಕೆ ಮುಚ್ಚಿಗೆ ಹಾಕಬೇಕು. ಆದರೆ ಪುಡಿ ಮಾಡುವ ಯಂತ್ರ, ಅಂದರೆ ಚಿಪ್ಪರ್, ಹೋದ ವರ್ಷದ ಹಟವನ್ನೇ ಮುಂದುವರಿಸಿದೆ.

ಯಂತ್ರದ ವಿವರ ಇಷ್ಟು. 7.5 ಎಚ್‌ಪಿ ತ್ರೀ ಫೇಸ್ ಮೋಟರು, ನಿಮಿಷಕ್ಕೆ 1440 ಸುತ್ತಿನದು. ಮೋಟರಿಗೆ 8 ಇಂಚಿನ ಪುಲ್ಲಿ (ಬೆಲ್ಟು ಕೂರುವ ಕಚ್ಚಿನ ಚಕ್ರ), ಬ್ಲೇಡು ಕೂರಿಸಿದ ರೋಟರಿಗೆ 5 ಇಂಚಿನದು. ಲೆಕ್ಕದ ಪ್ರಕಾರ ರೋಟರು ನಿಮಿಷಕ್ಕೆ ಸುಮಾರು 2300 ಸುತ್ತು ತಿರುಗಬೇಕು. ನಡುವೆ ಎರಡು ಬಿ-58 ಬೆಲ್ಟು. ಬಿ ಅಂದರೆ ಮೇಲ್ಭಾಗ 17 ಮಿ.ಮೀ. ಅಗಲ, 11 ಮಿ.ಮೀ. ದಪ್ಪ, 58 ಅಂದರೆ ಬೆಲ್ಟಿನ ಒಳಸುತ್ತಳತೆ, ಇಂಚಿನಲ್ಲಿ.

ಸೋಗೆ ಹಾಕಿದರೆ ತೊಂದರೆಯಿಲ್ಲ. ಮಣಿಕಟ್ಟು ಗಾತ್ರದ ಹಸಿ ಕೊಂಬೆ ಕೊಟ್ಟರೆ ಸಾಕು, ಕೀಚ್ ಅಂತ ಕಿರುಚಿ ರೋಟರು ಮಂದವಾಗುತ್ತದೆ. ಮೋಟರಿನ ಸದ್ದು ಮಾತ್ರ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಆಮೇಲೆ ಸುಟ್ಟ ರಬ್ಬರಿನ ವಾಸನೆ, ಕವರಿನ ಕೆಳಗೆ ಕರಿ ಪುಡಿ. ಬೆಲ್ಟು ಜಾರುತ್ತಿದೆ ಎಂದು ಹೋದ ಹಂಗಾಮಿನಲ್ಲಿ ಮೂರು ಸಲ ಬಿಗಿ ಮಾಡಿದೆ. ಇವತ್ತು ನಾಲ್ಕನೇ ಸಲ. ಅರ್ಧ ಗಂಟೆ ಓಡಿಸಿ ರೋಟರಿನ ಬೇರಿಂಗ್ ಮುಟ್ಟಿದರೆ ಕೈ ಇಡಲಿಕ್ಕಾಗಲಿಲ್ಲ. ಜಾರುವುದೂ ನಿಂತಿಲ್ಲ. ಬಿಗಿ ಮಾಡುವುದು ಇದಕ್ಕೆ ಮದ್ದಲ್ಲ ಎಂದು ಅಲ್ಲಿಗೇ ನಿಲ್ಲಿಸಿದೆ.

ಜನವರಿ 12

ಪೂರ್ತಿ ಬಿಚ್ಚಿದೆ. ಮೊದಲು ಫ್ಯೂಸ್ ಮೂರೂ ಕಿತ್ತು ಜೇಬಿಗೆ. ಸ್ವಿಚ್ ಆಫ್ ಮಾಡಿದ ಮೇಲೂ ರೋಟರು ತನ್ನ ಭಾರಕ್ಕೇ ಎಷ್ಟೋ ಹೊತ್ತು ತಿರುಗುತ್ತಿರುತ್ತದೆ, ಆದ್ದರಿಂದ ಕವರಿನ ಜಾಲರಿಯಲ್ಲಿ ಪುಲ್ಲಿ ನಿಂತದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಕವರು ತೆಗೆಯುವುದು. ಕೊಂಬೆ ಹಾಕುವ ಬಾಯಿಯ (ಹಾಪರಿನ) ಕಡೆಯಿಂದ ರೋಟರಿಗೆ ಒಂದು ಮರದ ತುಂಡು ಅಡ್ಡ ಕೊಟ್ಟೆ. ಬೆಲ್ಟನ್ನು ಕೈಯಲ್ಲಿ ಎಳೆದಾಗ ಬ್ಲೇಡೂ ತಿರುಗುತ್ತದೆ ಎಂಬುದನ್ನು ಯಾರೂ ಮರೆಯಬಾರದು.

ಪುಲ್ಲಿಗೂ ಬೇರಿಂಗಿಗೂ ನಡುವೆ ಅಡಿಕೆ ಹಾಳೆಯ ನಾರು ಹಗ್ಗದ ಹಾಗೆ ಸುತ್ತಿಕೊಂಡು ಕುಳಿತಿತ್ತು. ಚಾಕುವಿನಲ್ಲಿ ಕೊಯ್ದು ತೆಗೆಯಲು ಕಾಲು ಗಂಟೆ ಬೇಕಾಯಿತು. ನಾರು ಉಜ್ಜಿ ಉಜ್ಜಿ ಬೇರಿಂಗಿನ ಸೀಲ್ ಹರಿದಿದೆ.

ನಿಜವಾದ ಕಾರಣ ಸಿಕ್ಕಿದ್ದು ಬೆಲ್ಟು ತೆಗೆದು 5 ಇಂಚಿನ ಪುಲ್ಲಿಗೆ ಟಾರ್ಚ್ ಬಿಟ್ಟಾಗ. ಕಚ್ಚಿನ ತಳ ಹುಣಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆ ಚೊಂಬಿನ ಹಾಗೆ ಹೊಳೆಯುತ್ತಿತ್ತು. ತಳ ಹೊಳೆಯಲೇಬಾರದು. ಇಂಥ ವಿ ಆಕಾರದ ಬೆಲ್ಟು ಹಿಡಿಯುವುದು ಎರಡು ಪಕ್ಕಗಳಿಂದ. ಬೆಣೆ ಹೊಡೆದ ಹಾಗೆ ಕಚ್ಚಿನೊಳಗೆ ಒತ್ತಿಕೊಂಡು ಹಿಡಿಯುತ್ತದೆ. ತಳಕ್ಕೂ ಬೆಲ್ಟಿಗೂ ನಡುವೆ ಸಂದು ಉಳಿದಿರಬೇಕು. ಇಲ್ಲಿ ಪಕ್ಕದ ಗೋಡೆಗಳು ಸವೆದು ಒಳಗೆ ಬಳುಕಿದ್ದವು. ಉಗುರು ಆಡಿಸಿದರೆ ಮೇಲಂಚಿನಲ್ಲಿ ಮೆಟ್ಟಿಲು ತಾಗುತ್ತಿತ್ತು. ಬೆಲ್ಟು ಕೆಳಗಿಳಿದು ತಳದ ಮೇಲೆ ಕುಳಿತುಬಿಟ್ಟಿದೆ. ಬೆಣೆಯ ಹಿಡಿತ ಹೋದ ಮೇಲೆ ಎಷ್ಟು ಎಳೆದರೇನು, ಆ ಎಳೆತವೆಲ್ಲ ಹೋಗಿ ಬೀಳುವುದು ಬೇರಿಂಗಿನ ಮೇಲೆ. ಬೆಲ್ಟಿನ ಪಕ್ಕಗಳೂ ಗಾಜಿನಂತೆ ನುಣ್ಣಗಾಗಿವೆ. ಒಂದರಲ್ಲಿ ಒಳಮೈ ಅಡ್ಡಡ್ಡ ಬಿರಿದಿದೆ.

ಜನವರಿ 15

ಪೇಟೆಗೆ ಹೋಗಿ ಎರಡು ಕಚ್ಚಿನ ಎರಕದ ಪುಲ್ಲಿ, ಯುಸಿಪಿ 208 ಬೇರಿಂಗ್ ಎರಡು (ಶಾಫ್ಟು 40 ಮಿ.ಮೀ.), ಬೆಲ್ಟು ಎರಡು ತಂದೆ. ಅಂಗಡಿಯವರು ಹಳೇ ಬೆಲ್ಟು ನೋಡಿ, "ಇದೊಂದು ಇನ್ನೂ ಓಡ್ತದೆ ಸಾರ್, ಒಂದೇ ತಗೊಳ್ಳಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೂ ಎರಡೂ ಹೊಸತೇ ಬೇಕು ಎಂದೆ. ಹಳೆಯದು ಹಿಗ್ಗಿರುತ್ತದೆ, ಹೊಸದು ಗಿಡ್ಡ ಇರುತ್ತದೆ, ಭಾರವೆಲ್ಲ ಹೊಸದರ ತಲೆಗೆ ಬಂದು ಅದೂ ಬೇಗ ಹಾಳಾಗುತ್ತದೆ. ಒಂದೇ ಕಂಪನಿಯ ಎರಡನ್ನು ಕೌಂಟರಿನ ಮೇಲೆ ಒತ್ತಟ್ಟಿಗೆ ಹಿಡಿದು ಉದ್ದ ಸಮ ಇದೆಯೇ ಎಂದು ನೋಡಿಕೊಂಡೇ ತಂದೆ.

ಜನವರಿ 16

ಬೇರಿಂಗ್ ಕೂರಿಸುವ ಕೆಲಸ ಬೆಳಗ್ಗೆಯೇ ಮುಗಿಯಿತು.

ಮೋಟರಿನ ನಾಲ್ಕು ಬೋಲ್ಟು ಸಡಿಲಿಸಿ, ರೋಟರಿನ ಕಡೆಗೆ ಪೂರ್ತಿ ಸರಿಸಿ, ಬೆಲ್ಟನ್ನು ಬರಿಗೈಯಲ್ಲಿ ಹಾಕಿದೆ. ಮೊದಲೆಲ್ಲ ಸ್ಕ್ರೂಡ್ರೈವರ್ ಕೊಟ್ಟು ಮೀಟಿ ಏರಿಸುತ್ತಿದ್ದೆ. ಹಾಗೆ ಮೀಟಿದರೆ ಒಳಗಿನ ದಾರದ ಎಳೆ ಹರಿಯುತ್ತದೆ, ಹೊರಗೆ ಕಾಣುವುದಿಲ್ಲ, ಸ್ವಲ್ಪ ದಿನಕ್ಕೇ ಬೆಲ್ಟು ಮಗುಚಿಕೊಳ್ಳುತ್ತದೆ.

ಆಮೇಲೆ ನೇರ ನೋಡುವುದು. ಗಾರೆ ಕೆಲಸದವರ ದಾರ ತಂದು ಎರಡು ಪುಲ್ಲಿಯ ಹೊರಮುಖಕ್ಕೆ ಬಿಗಿಯಾಗಿ ಹಿಡಿದೆವು. ಒಂದು ತುದಿ ಅಪ್ಪನ ಕೈಯಲ್ಲಿ. ದಾರ ನಾಲ್ಕೂ ಕಡೆ ತಾಗಬೇಕು: ದೊಡ್ಡ ಪುಲ್ಲಿಯ ಎರಡು ಅಂಚು, ಸಣ್ಣದರ ಎರಡು ಅಂಚು. ಅಪ್ಪ, "ನಿನ್ನ ಕಡೆ ಬೆಳಕು ಕಾಣ್ತದಲ್ಲೋ" ಅಂದರು. ನಿಜ, 5 ಮಿ.ಮೀ. ಓರೆ ಇತ್ತು. ಪುಲ್ಲಿಯನ್ನು ಶಾಫ್ಟಿಗೆ ಹಿಡಿದಿಡುವ ಬೆಣೆ (ಕೀ) ಸಡಿಲಿಸಿ ಒಳಗೆ ತಳ್ಳಿದ ಮೇಲೆ ಸರಿಹೋಯಿತು. ಇದಕ್ಕೂ ಮುಂಚೆ ಎರಡೂ ಪುಲ್ಲಿಯ ಅಂಚಿನ ದಪ್ಪ ಒಂದೇ ಇದೆಯೇ ಎಂದು ಅಳೆದುಕೊಳ್ಳಿ. ಬೇರೆ ಬೇರೆ ಇದ್ದರೆ ದಾರ ನೇರ ತೋರಿಸುತ್ತದೆ, ಕಚ್ಚು ಓರೆಯಾಗಿಯೇ ಇರುತ್ತದೆ.

ಬಿಗಿ ಎಷ್ಟಿರಬೇಕು ಎಂಬುದಕ್ಕೆ ಈ ಸಲ ಕೈಯಂದಾಜು ಬಿಟ್ಟೆ. ಎರಡು ಪುಲ್ಲಿಯ ನಡುವೆ ಬೆಲ್ಟಿನ ಉದ್ದ ಒಂದು ಮೀಟರ್ ಇದ್ದರೆ ನಟ್ಟನಡುವೆ ಒತ್ತಿದಾಗ 16 ಮಿ.ಮೀ. ಬಾಗಬೇಕು. ನನ್ನದು ಹತ್ತಿರ ಹತ್ತಿರ ಅರ್ಧ ಮೀಟರು, ಅಂದರೆ 8 ಮಿ.ಮೀ. ಅಷ್ಟು ಬಾಗಿಸಲು ಈ ಅಳತೆಯ ಪುಲ್ಲಿಗೆ ಎರಡೂವರೆಯಿಂದ ಮೂರೂವರೆ ಕಿಲೋ ಬಲ ಸಾಕು. ಬ್ಯಾಗು ತೂಗುವ ಕೊಕ್ಕೆ ತಕ್ಕಡಿ ಸಿಕ್ಕಿಸಿ ಬೆಲ್ಟನ್ನು ಒಂದೊಂದಾಗಿ ಎಳೆದು, ಪುಲ್ಲಿಯಿಂದ ಪುಲ್ಲಿಗೆ ಇಟ್ಟ ರೀಪಿನ ಪಟ್ಟಿಯಿಂದ ಎಷ್ಟು ಇಳಿಯಿತು ಎಂದು ಅಳೆದೆ. ಹೊಸ ಬೆಲ್ಟಾದ್ದರಿಂದ ಮೂರೂವರೆ ಕಿಲೋಗೆ ನಿಲ್ಲಿಸಿದೆ. ಹೋದ ವರ್ಷದ ಬಿಗಿಗೆ ಹೋಲಿಸಿದರೆ ಇದು ಎಷ್ಟೋ ಸಡಿಲ ಅನ್ನಿಸಿ ಮನಸ್ಸಿಗೆ ಅಳುಕಾಯಿತು.

ಜನವರಿ 17

ತ್ರೀ ಫೇಸ್ ಕರೆಂಟ್ ಬಂದದ್ದು ಮಧ್ಯಾಹ್ನ. ಖಾಲಿ ಹತ್ತು ನಿಮಿಷ, ಸೋಗೆ ಹಾಕಿ ಇಪ್ಪತ್ತು ನಿಮಿಷ. ನಿಲ್ಲಿಸಿ, ಫ್ಯೂಸ್ ಕಿತ್ತು ಮತ್ತೆ ಅಳೆದರೆ ಮೂರೂವರೆ ಕಿಲೋಗೆ 12 ಮಿ.ಮೀ. ಬಾಗುತ್ತಿದೆ. ಇದು ಸಹಜ, ಹೊಸ ಬೆಲ್ಟು ಮೊದಲ ಓಟದಲ್ಲಿ ಕಚ್ಚಿಗೆ ಕೂರುತ್ತದೆ, ಸ್ವಲ್ಪ ಹಿಗ್ಗುತ್ತದೆ. ಮತ್ತೆ ಬಿಗಿ ಮಾಡಿ 8 ಮಿ.ಮೀ. ಅಳತೆಗೆ ತಂದೆ. ಈ ಎರಡನೇ ಬಿಗಿ ಬಿಟ್ಟವರ ಹೊಸ ಬೆಲ್ಟು ಬೇಗನೇ ಜಾರಿ ಸುಡಬಹುದು.

ಆಮೇಲೆ ಗ್ಲಿರಿಸಿಡಿಯಾ. ಮಣಿಕಟ್ಟು ಗಾತ್ರದ ಕೊಂಬೆಯನ್ನೇ ಮೊದಲು ಕೊಟ್ಟೆ. ಕಿರುಚಲಿಲ್ಲ. ಮೋಟರು ಒಮ್ಮೆ ಗುಂಯ್ ಎಂದು ಭಾರ ಎತ್ತಿಕೊಂಡಿತು, ಚೂರು ಆಚೆ ಬಿತ್ತು. ಅಪ್ಪ ಇನ್ನೊಂದು ಕೊಂಬೆ ತಂದು ಕೈಗೆ ಕೊಟ್ಟರು.

ಜನವರಿ 24

ಅಳತೆ 9 ಮಿ.ಮೀ. ಇತ್ತು, ಬಿಗಿಯನ್ನು ಮುಟ್ಟಲು ಹೋಗಲಿಲ್ಲ. ಶಾಫ್ಟಿಗೆ ನಾರು ಸುತ್ತದಂತೆ ಹಳೇ ಪೈಪಿನ ತುಂಡು ಸೀಳಿ ಪುಲ್ಲಿಗೂ ಬೇರಿಂಗಿಗೂ ನಡುವೆ ತೋಳು ಮಾಡಿ ಹಾಕಿದೆ. ಶಾಫ್ಟಿಗೆ ತಾಗದಂತೆ ಚೌಕಟ್ಟಿಗೆ ಕ್ಲಾಂಪು. ಹಸಿ ಹಾಳೆ ಹಾಕಿದ ದಿನ ಮಾತ್ರ ಸಂಜೆ ತೆರೆದು ನೋಡುತ್ತೇನೆ.

ಫೆಬ್ರವರಿ 9

ರಾಶಿ ಮುಕ್ಕಾಲು ಇಳಿದಿದೆ. ಎರಡು ಗಂಟೆ ಓಡಿದ ಮೇಲೂ ಬೇರಿಂಗ್ ಮೇಲೆ ಅಂಗೈ ಊರಿ ನಿಲ್ಲಬಹುದು. ಕವರಿನ ಕೆಳಗೆ ಕರಿ ಪುಡಿ ಇಲ್ಲ. ಟಾರ್ಚ್ ಬಿಟ್ಟು ನೋಡಿದೆ: ಕಚ್ಚಿನ ಪಕ್ಕಗಳು ಹೊಳೆಯುತ್ತಿವೆ, ತಳದಲ್ಲಿ ಎರಕದ ಕಪ್ಪು ಇನ್ನೂ ಹಾಗೇ ಇದೆ. 8 ಇಂಚಿನ ಪುಲ್ಲಿಯ ಒಂದು ಕಚ್ಚಿನಲ್ಲಿ ಸವೆತ ಶುರುವಾಗಿದೆ. ಮಳೆಗಾಲದೊಳಗೆ ಅದನ್ನೂ ಬದಲಿಸುತ್ತೇನೆ.